ಏಳು ದಿನದ ಶಿಬಿರ, ಎಂಟನೇ ದಿನದ ಪ್ರಶ್ನೆ

ಕಾಲೇಜಿನಲ್ಲಿ ಎನ್‌ಎಸ್‌ಎಸ್ ಅರ್ಜಿ ತುಂಬುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಸರ್ಟಿಫಿಕೇಟ್ ಸಿಗುತ್ತೆ, ಸೇರ್ಕೊ’. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರ. ಇಷ್ಟು ಮುಗಿಸಿದರೆ ಪ್ರಮಾಣಪತ್ರ ಕೈಗೆ ಬರುತ್ತದೆ. ಕೆಲಸ ಹುಡುಕುವ ನಮಗೆ ಅದೂ ಬೇಕು. ಆದರೆ ಅಲ್ಲಿ ಕಲಿಯಲು ಇನ್ನೂ ಏನೋ ಇದೆ ಎಂಬುದು ನನಗೆ ಗೊತ್ತಾಗಿದ್ದು ಶಿಬಿರಕ್ಕೆ ಹೋದ ಮೇಲೆ.

ರಾಷ್ಟ್ರೀಯ ಸೇವಾ ಯೋಜನೆ ಶುರುವಾಗಿದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷದಲ್ಲಿ. ಆಗಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಚಾಲನೆ ಕೊಟ್ಟರು. ಅವರು ಲೋಕಸಭೆಗೆ ಆಯ್ಕೆಯಾಗಿದ್ದು ನಮ್ಮ ಬಳ್ಳಾರಿಯಿಂದ. ನಾವು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ಮೇಲಿರುವುದು ಕೋನಾರ್ಕ್ ಸೂರ್ಯ ದೇವಾಲಯದ ಚಕ್ರ. ಅದರ ಎಂಟು ಅರಗಳು ದಿನದ 24 ಗಂಟೆಯ ಸಂಕೇತ. ಧ್ಯೇಯವಾಕ್ಯ ‘ನನಗಲ್ಲ, ನಿನಗೆ’.

ನಮ್ಮ ಶಿಬಿರ ನಡೆದಿದ್ದು ತಾಲ್ಲೂಕು ಕೇಂದ್ರದಿಂದ ದೂರದ ಒಂದು ಹಳ್ಳಿಯಲ್ಲಿ. ಸರ್ಕಾರಿ ಶಾಲೆಯಲ್ಲೇ ವಾಸ. ಬೆಳಿಗ್ಗೆ ಯೋಗ, ಉಪ್ಪಿಟ್ಟು, ಆಮೇಲೆ ಶ್ರಮದಾನ. ಮಧ್ಯಾಹ್ನ ಉಪನ್ಯಾಸ, ರಾತ್ರಿ ಹಾಡು, ಕಿರುನಾಟಕ. ಮೂರನೇ ದಿನ ಚರಂಡಿಯ ಹೂಳು ಎತ್ತುತ್ತಿದ್ದೆವು. ಜಗಲಿಯ ಮೇಲಿದ್ದ ಅಜ್ಜಿಯೊಬ್ಬರು ಕೇಳಿದರು: ‘ನೀವು ಹೋದ್ಮೇಲೆ ಇದನ್ನ ಯಾರು ಎತ್ತಬೇಕು ಮಗಾ?’

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ನಮ್ಮಲ್ಲಿ ಉತ್ತರವೂ ಇರಲಿಲ್ಲ. ಆ ರಾತ್ರಿ ಸಭೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ‘ನಮ್ಮ ಕೆಲಸ ಏಳು ದಿನಕ್ಕಷ್ಟೇ’ ಎಂದರು ಕೆಲವರು. ಕೊನೆಗೆ, ಮರುದಿನದಿಂದ ಅರ್ಧ ತಂಡ ಮನೆಮನೆಗೆ ಹೋಗಿ ಕೇಳಿಕೊಂಡು ಬರುವುದು ಎಂದಾಯಿತು. ಆ ತಂಡದ ಹೊಣೆ ನನ್ನ ಪಾಲಿಗೆ ಬಂತು.

ಎರಡು ದಿನ ಓಡಾಡಿದಾಗ ವಿಷಯ ತಿಳಿಯಿತು. ಆ ಮೂರು ಓಣಿಗಳಿಗೆ ಕಸದ ಗಾಡಿ ಬರುತ್ತಿರಲಿಲ್ಲ. ಹಾಗಾಗಿ ಕಸವೆಲ್ಲ ಚರಂಡಿಗೇ ಬೀಳುತ್ತಿತ್ತು. ಇದನ್ನು ಸ್ತ್ರೀಶಕ್ತಿ ಸಂಘದವರ ಮುಂದಿಟ್ಟೆವು. ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡೋಣ ಎಂದವರು ಅವರೇ. ಅವರು ಹೇಳಿದರು, ನಾವು ಬರೆದೆವು. ಸಹಿ ಹಾಕಿ ಪಿಡಿಒ ಕೈಗೆ ಕೊಟ್ಟವರೂ ಅವರೇ.

ಎರಡು ತಿಂಗಳ ನಂತರ ನಾವು ನಾಲ್ವರು ಮತ್ತೆ ಹೋದೆವು. ವಾರಕ್ಕೆರಡು ಸಲ ಗಾಡಿ ಬರುತ್ತಿತ್ತು. ಚರಂಡಿ ಒಂದು ಕಡೆ ಮತ್ತೆ ಕಟ್ಟಿಕೊಂಡಿತ್ತು, ನಿಜ. ಆದರೆ ಅದರ ಬಗ್ಗೆ ಮುಂದಿನ ಗ್ರಾಮಸಭೆಯಲ್ಲಿ ಮಾತಾಡಲು ಸಂಘದವರು ಆಗಲೇ ತೀರ್ಮಾನಿಸಿದ್ದರು.

ನಾಯಕತ್ವವೆಂದರೆ ಮೈಕ್ ಹಿಡಿದು ಮಾತಾಡುವುದು ಎಂದು ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೇವೆ. ಹತ್ತು ಜನರ ಮಾತು ಕೇಳಿ, ಅದರಲ್ಲಿ ಮಾಡಬಹುದಾದ ಒಂದು ಕೆಲಸ ಹುಡುಕಿ, ಅದನ್ನು ಅಲ್ಲಿನವರ ಕೈಗೇ ಒಪ್ಪಿಸಿ ಬರುವುದೂ ನಾಯಕತ್ವವೇ. ಸಂದರ್ಶನದಲ್ಲಿ ‘ತಂಡ ನಡೆಸಿದ ಅನುಭವ ಇದೆಯಾ?’ ಎಂದು ಕೇಳಿದರೆ ಈಗ ನನ್ನ ಹತ್ತಿರ ಹೇಳಲು ಒಂದು ಕೆಲಸವಿದೆ.

ಈ ವರ್ಷ ಶಿಬಿರಕ್ಕೆ ಹೊರಟಿದ್ದೀರಾ? ಸಲಿಕೆಯ ಜೊತೆ ಒಂದು ನೋಟ್‌ಬುಕ್ ಇರಲಿ. ಮೊದಲ ದಿನವೇ ಊರವರನ್ನು ಕೇಳಿ, ಅವರಿಗೆ ಬೇಕಾದ ಕೆಲಸ ಯಾವುದು ಎಂದು. ವರ್ಷಕ್ಕೆ 120 ಗಂಟೆ ಸೇವೆ ಹೇಗೂ ಮಾಡಲೇಬೇಕು. ಅದರಲ್ಲಿ ಒಂದಿಷ್ಟನ್ನು ಅದೇ ಊರಿಗೆ ಮತ್ತೆ ಹೋಗಿಬರಲು ಎತ್ತಿಡಿ.