ದಿನಕ್ಕೆ ಕಾಲು ಗಂಟೆ ಚಿಗಾಂಗ್: ಗಿಟ್ಟುತ್ತದೆಯೇ?

ಚೀನಾದ ಪಾರ್ಕುಗಳಲ್ಲಿ ಬೆಳಗಿನ ಹೊತ್ತು ಹಿರಿಯರು ಸಾಲಾಗಿ ನಿಂತು ಮಾಡುವ ಚಿಗಾಂಗ್ ವ್ಯಾಯಾಮಗಳಲ್ಲಿ ಬಾದುವಾನ್‌ಜಿನ್ ಬಹಳ ಬಳಕೆಯದು. ಎಂಟೇ ಚಲನೆ. ಚಾಪೆ ಬೇಡ, ಬಟ್ಟೆ ಬದಲಿಸಬೇಕಿಲ್ಲ, ನೆಲಕ್ಕೆ ಕೂತು ಏಳುವ ಪಾಡೂ ಇಲ್ಲ. ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ದಿನ ತಪ್ಪದೆ ಮಾಡಿದರೆ ವರ್ಷಕ್ಕೆ 90 ಗಂಟೆ ಮೀರುತ್ತದೆ. ಅಷ್ಟು ಹೊತ್ತು ಕೊಟ್ಟವರಿಗೆ ಏನು ದಕ್ಕುತ್ತದೆ ಎಂದು ಕೇಳಲೇಬೇಕು.

ಸಾವಿರಾರು ವರ್ಷದ ವಿದ್ಯೆ, ‘ಚಿ’ ಎಂಬ ಪ್ರಾಣಶಕ್ತಿ ಒಳಗೆ ಹರಿದು ಎಲ್ಲ ಸರಿಹೋಗುತ್ತದೆ ಎಂಬುದು ಕಲಿಸುವವರ ಮಾಮೂಲಿ ಉತ್ತರ. ಹಳೆಯದು ಎಂಬುದರಲ್ಲಿ ಹುಸಿಯಿಲ್ಲ. ಹುನಾನ್ ಪ್ರಾಂತದ ಮಾವಾಂಗ್‌ದ್ವೇಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ್ದ ಗೋರಿಯೊಂದನ್ನು 1973ರಲ್ಲಿ ಅಗೆದಾಗ, ಕೈಕಾಲು ಚಾಚಿ ಮೈ ಬಳುಕಿಸುವ 44 ಜನರ ಚಿತ್ರವಿದ್ದ ರೇಷ್ಮೆ ಸಿಕ್ಕಿತು. ಆದರೆ ಚಿಕಿತ್ಸೆಯಾಗಿ ಇಂದು ಜನ ಬಲ್ಲ ಚಿಗಾಂಗ್ ಕಮ್ಯುನಿಸ್ಟ್ ಆಡಳಿತದ ಕಾಲದ್ದು. ಲ್ಯು ಗ್ವೇಜೆನ್ ಎಂಬ ಪಕ್ಷದ ಕಾರ್ಯಕರ್ತರಿಗೆ ಹೊಟ್ಟೆಯ ಹುಣ್ಣಿತ್ತು. ಉಸಿರಾಟದ ಒಂದು ಅಭ್ಯಾಸದಿಂದ ಅದು ವಾಸಿಯಾಯಿತೆಂದು ಅವರು ನಂಬಿದರು. 1950ರ ದಶಕದಲ್ಲಿ ಬೈದೈಹೆ ಎಂಬ ಊರಿನಲ್ಲಿ ಅದಕ್ಕೆಂದೇ ಸರ್ಕಾರಿ ಆರೋಗ್ಯಧಾಮ ತೆರೆಯಿತು. ಸಾಂಸ್ಕೃತಿಕ ಕ್ರಾಂತಿ ಬಂದಾಗ ಅದೇ ವಿದ್ಯೆ ಮೂಢನಂಬಿಕೆ ಎನಿಸಿಕೊಂಡಿತು. 80ರ ದಶಕದಲ್ಲಿ ಗಾಳಿ ಮತ್ತೆ ತಿರುಗಿತು. ದೂರದಲ್ಲಿ ನಿಂತೇ ನೀರಿನ ಅಣುರಚನೆ ಬದಲಿಸಬಲ್ಲೆನೆಂದ ಯಾನ್ ಶಿನ್ ಅವರ ಸಭೆಗಳಿಗೆ ಜನ ಮುಗಿಬಿದ್ದರು. ಚೀನಾದ ಕ್ಷಿಪಣಿ ಕಾರ್ಯಕ್ರಮ ಕಟ್ಟಿದ ಚಿಯೆನ್ ಶ್ವೇಸೆನ್ ಅವರಂಥ ವಿಜ್ಞಾನಿಯೂ ಚಿಗಾಂಗ್‌ನ ಬೆನ್ನಿಗೆ ನಿಂತಿದ್ದರು. 1999ರಲ್ಲಿ, ಚಿಗಾಂಗ್ ಕಲಿಸುತ್ತಿದ್ದ ಫಾಲುನ್ ಗಾಂಗ್ ಪಂಥದ ನಿಷೇಧವಾಯಿತು. ಆಮೇಲೆ ಉಳಿದುಕೊಂಡದ್ದನ್ನು ಕ್ರೀಡಾ ಇಲಾಖೆ ತನ್ನ ತೆಕ್ಕೆಗೆ ತೆಗೆದುಕೊಂಡು, ಬಾದುವಾನ್‌ಜಿನ್ ಸೇರಿ ನಾಲ್ಕು ಕ್ರಮಗಳನ್ನು ತಿದ್ದಿ ಸರ್ಕಾರಿ ಮಾದರಿಯಾಗಿ ಹೊರತಂದಿತು. ಪವಾಡದ ಬಾಬ್ತು ಅಲ್ಲಿಗೆ ಮುಗಿಯಿತು. ವ್ಯಾಯಾಮದ ಬಾಬ್ತು ಉಳಿಯಿತು. ನನ್ನ ಮಟ್ಟಿಗೆ ಅದು ಲಾಭವೇ.

ಬಾದುವಾನ್‌ಜಿನ್‌ನ ಕೊನೆಯ ಚಲನೆಯನ್ನೇ ನೋಡಿ. ಕಾಲು ಜೋಡಿಸಿ ನಿಂತು, ಎರಡೂ ಹಿಮ್ಮಡಿ ಎತ್ತಿ, ಬೆರಳುಗಳ ಮೇಲೆ ಒಂದು ಕ್ಷಣ ನಿಲ್ಲಬೇಕು. ಆಮೇಲೆ ಹಿಮ್ಮಡಿಯನ್ನು ಹಗುರಾಗಿ ನೆಲಕ್ಕೆ ಕುಟ್ಟಬೇಕು. ಹೀಗೆ ಏಳು ಸಲ. ಇದರಿಂದ ನೂರು ರೋಗ ಓಡಿಹೋಗುತ್ತವೆ ಎಂಬ ಭರವಸೆಯನ್ನು ಚಲನೆಯ ಹೆಸರಿಗೇ ಅಂಟಿಸಿದ್ದಾರೆ. ನೂರರ ಮಾತು ಬಿಡಿ. ಹೊಸಬರು ಮೂರನೇ ಸಲಕ್ಕೇ ಮುಂದಕ್ಕೆ ವಾಲಿ ಗೋಡೆ ಹುಡುಕುತ್ತಾರಲ್ಲ, ವಿಷಯ ಇರುವುದು ಅಲ್ಲಿ. ವಯಸ್ಸಾದಂತೆ ಮೀನಖಂಡದ ಬಲ ಕುಗ್ಗುತ್ತದೆ. ಮೈ ವಾಲಿದಾಗ ಥಟ್ಟನೆ ತಡೆದು ನಿಲ್ಲಿಸಬೇಕಾದದ್ದು ಅದೇ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಹಿರಿಯರು ಇರುವ ಮನೆಗೆ ಈ ಒಂದು ಸ್ನಾಯುವಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಪುರಾವೆ ಗಟ್ಟಿಯಾಗಿರುವುದೂ ಈ ಬೀಳುವ ವಿಷಯದಲ್ಲೇ, ಅದೂ ಚಿಗಾಂಗ್‌ನ ದಾಯಾದಿ ತೈಚಿಗೆ. ಬಿದ್ದ ಅನುಭವವಿದ್ದ ಅಥವಾ ನಡಿಗೆ ಕುಂದಿದ್ದ, 70 ದಾಟಿದ 670 ಮಂದಿಯ ಮೇಲೆ ಅಮೆರಿಕದ ಆರೆಗಾನ್‌ನಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ವಾರಕ್ಕೆರಡು ತರಗತಿಯಂತೆ 24 ವಾರ ತೈಚಿ ಆಧಾರಿತ ಅಭ್ಯಾಸ ಮಾಡಿದವರು, ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಿಗಿಂತ ಶೇ 58ರಷ್ಟು ಕಡಿಮೆ ಸಲ ಬಿದ್ದಿದ್ದರು. ಚಿಗಾಂಗ್ ಮೇಲೂ ಅಧ್ಯಯನಗಳಿಗೆ ಬರವಿಲ್ಲ. ನಿದ್ದೆ, ರಕ್ತದೊತ್ತಡ, ಮಂಡಿನೋವು, ಕ್ಯಾನ್ಸರ್ ಚಿಕಿತ್ಸೆಯ ನಂತರದ ಸುಸ್ತು ಇವೆಲ್ಲ ಒಂದಿಷ್ಟು ಸುಧಾರಿಸಿದ ವರದಿಗಳಿವೆ. ಆದರೆ ಹಲವು ಪರೀಕ್ಷೆಗಳು ಚಿಕ್ಕವು. ಗುಳಿಗೆಯಾದರೆ ರೋಗಿಗೆ ತಿಳಿಯದಂತೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ತಾನು ಚಿಗಾಂಗ್ ಮಾಡುತ್ತಿದ್ದೇನೆಂದು ಮಾಡುವವನಿಗೆ ತಿಳಿಯದಿರುವುದು ಹೇಗೆ? ನಂಬಿಕೆಯಿಂದಲೇ ಬಂದ ನೆಮ್ಮದಿ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಒಬ್ಬೊಬ್ಬರ ಕಥೆ ಹಿಡಿದು ತೀರ್ಮಾನಕ್ಕೆ ಬರುವವರಿಗೆ ಗುವೊ ಲಿನ್ ನೆನಪಾಗುತ್ತಾರೆ. ಗರ್ಭಕೋಶದ ಕ್ಯಾನ್ಸರ್ ಆಗಿದ್ದ ಈ ಚಿತ್ರಕಲಾವಿದೆ 1970ರ ದಶಕದಲ್ಲಿ ಬೀಜಿಂಗ್‌ನ ಪಾರ್ಕುಗಳಲ್ಲಿ ರೋಗಿಗಳಿಗೆ ನಡಿಗೆಯ ಚಿಗಾಂಗ್ ಕಲಿಸಿದರು. ತಾನು ಬದುಕುಳಿದದ್ದು ಅದರಿಂದಲೇ ಎಂದು ನಂಬಿದ್ದರು. ಆದರೆ ಅವರಿಗೆ ಶಸ್ತ್ರಚಿಕಿತ್ಸೆಗಳೂ ಆಗಿದ್ದವು. ಆ ರೋಗಿಗಳಿಗೆ ಪಾರ್ಕಿನಲ್ಲಿ ಸಿಕ್ಕ ಜೊತೆಗಾರರನ್ನು ಮಾತ್ರ ನಾನು ಕಡೆಗಣಿಸಲಾರೆ. ರೋಗ ಹೊತ್ತು ಮನೆಯಲ್ಲಿ ಒಬ್ಬರೇ ಕೂರುವುದಕ್ಕೂ, ಬೆಳಿಗ್ಗೆ ಎದ್ದರೆ ತಮ್ಮನ್ನು ಕಾಯುವ ನಾಲ್ಕು ಜನ ಇರುವುದಕ್ಕೂ ಅಜಗಜಾಂತರ.

ಹಾಗಾದರೆ ಯಾರಿಗೆ ಗಿಟ್ಟುತ್ತದೆ? 60 ದಾಟಿದವರಿಗೆ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ, ಮಂಡಿ ಹಿಡಿದು ವಾಕಿಂಗ್ ಬಿಟ್ಟವರಿಗೆ ಖಂಡಿತ. ವಯಸ್ಸಾದವರು ವಾರಕ್ಕೆ ಮೂರು ದಿನವಾದರೂ ಸಮತೋಲನದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮೂವತ್ತರ ಗಟ್ಟಿಮುಟ್ಟಿನವರು ದಿನಕ್ಕೆ ಕಾಲು ಗಂಟೆಯಷ್ಟೇ ಬಿಡುವಿದೆ ಎಂದರೆ, ಬೆವರು ಬರುವಂತೆ ಬಿರುಸಾಗಿ ನಡೆಯಿರಿ ಎಂದೇ ಹೇಳುತ್ತೇನೆ. ಬಾದುವಾನ್‌ಜಿನ್‌ಗೆ ಎದೆಬಡಿತ ಅಷ್ಟಾಗಿ ಏರುವುದಿಲ್ಲ. ದಿನಾ ಯೋಗ ಮಾಡುವವರು ಅದನ್ನು ಬಿಟ್ಟು ಇದಕ್ಕೆ ಬರುವ ಕಾರಣವೂ ನನಗೆ ಕಾಣದು.

ಅಪಾಯ ಕಡಿಮೆ, ಇಲ್ಲವೆಂದಲ್ಲ. ಗಂಟೆಗಟ್ಟಲೆ ಒಳಮುಖವಾಗಿ ಕೂತು ಚಿ ಹುಡುಕಿದ ಕೆಲವರಿಗೆ ಚಿತ್ತಭ್ರಮೆಯಾದ ಪ್ರಕರಣಗಳು ಎಷ್ಟಿದ್ದವೆಂದರೆ, ಅಮೆರಿಕದ ಮನೋವೈದ್ಯರ ಸಂಘ 1994ರ ತನ್ನ ಕೈಪಿಡಿಯಲ್ಲಿ ಅದನ್ನು ಹೆಸರಿಸಿ ಸೇರಿಸಿತು. ನಿಂತು ಮಾಡುವ ಕಾಲು ಗಂಟೆಯ ಎಂಟು ಚಲನೆಗೆ ಆ ಭಯ ಬೇಡ. ಕಲಿಸುವವರು ಬಿ.ಪಿ. ಮಾತ್ರೆ ನಿಲ್ಲಿಸಿ ಎಂದರೆ, ಇಲ್ಲವೇ ಮುಂದಿನ ಹಂತಕ್ಕೆ ಇನ್ನಷ್ಟು ಫೀಸು ಕಟ್ಟಿ ಎಂದರೆ, ಮಾರನೆಯ ದಿನದಿಂದ ಮನೆಯ ಗೋಡೆಯ ಪಕ್ಕದಲ್ಲೇ ನಿಂತು ಹಿಮ್ಮಡಿ ಎತ್ತಿಕೊಳ್ಳಬಹುದು.