ಪ್ರೊಸೆಸರ್ ಬದಲಿಸಬೇಕೆ?

ಹಳೆಯ ಕಂಪ್ಯೂಟರಿನಲ್ಲಿ ಹೊಸ ಗೇಮ್ ತಡವರಿಸತೊಡಗಿದರೆ ಮೊದಲ ದೂರು ಪ್ರೊಸೆಸರಿನ ಮೇಲೆ. ಎಷ್ಟೋ ಸಲ ಅದು ಸುಳ್ಳು ದೂರು.

ಪರದೆಯಲ್ಲಿ ಸೆಕೆಂಡಿಗೆ 60 ಫ್ರೇಮ್ ಮೂಡಬೇಕಾದರೆ ಒಂದೊಂದಕ್ಕೂ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಗುಲಿತು, ಏನೇನು ಬಿಡಿಸಬೇಕು ಎಂಬ ಲೆಕ್ಕವನ್ನು ಪ್ರೊಸೆಸರ್ ಮುಗಿಸಿ ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಬೇಕು. ಪಂಕ್ತಿಯಲ್ಲಿ ಬಡಿಸುವವರು ಎಷ್ಟೇ ಚುರುಕಾಗಿದ್ದರೂ ಒಲೆಯಿಂದ ಸಾರು ಇಳಿಯದಿದ್ದರೆ ಎಲೆ ಖಾಲಿಯೇ. ಇಲ್ಲಿ ಯಾರಿಗಾಗಿ ಯಾರು ಕಾಯುತ್ತಿದ್ದಾರೆ ಎಂಬುದೇ ಮುಖ್ಯ ಪ್ರಶ್ನೆ.

ಅದನ್ನು ತಿಳಿಯಲು ಖರ್ಚಿಲ್ಲ. ವಿ-ಸಿಂಕ್ ಆಫ್ ಮಾಡಿ, ರೆಸಲ್ಯೂಶನ್ನನ್ನು 1080ರಿಂದ 720ಕ್ಕೆ ಇಳಿಸಿ ಆಡಿ ನೋಡಿ. ಎಫ್‌ಪಿಎಸ್ ಜಿಗಿದರೆ ಏದುಸಿರು ಬಿಡುತ್ತಿದ್ದದ್ದು ಕಾರ್ಡು. ಇದ್ದಲ್ಲೇ ನಿಂತರೆ ಅನುಮಾನ ಪ್ರೊಸೆಸರಿನ ಕಡೆಗೆ. ಟಾಸ್ಕ್ ಮ್ಯಾನೇಜರ್ ಶೇ 40 ಬಳಕೆ ತೋರಿಸಿತೆಂದು ಅದನ್ನು ಖುಲಾಸೆ ಮಾಡಬೇಡಿ. ಎಂಟು ಥ್ರೆಡ್‌ಗಳಲ್ಲಿ ಒಂದು ಪೂರ್ತಿ ದುಡಿಯುತ್ತಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಶೇ 12.5 ಮಾತ್ರ, ಬಹಳಷ್ಟು ಗೇಮ್‌ಗಳು ನೆಚ್ಚಿಕೊಂಡಿರುವುದು ಅಂಥ ಒಂದು ಮುಖ್ಯ ಥ್ರೆಡ್ಡನ್ನೇ.

ತಪ್ಪು ಪ್ರೊಸೆಸರಿನದೇ ಎನಿಸಿದರೂ ಕೂಡಲೇ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಓಡಬೇಕಿಲ್ಲ. ಒಂದೇ ರ್ಯಾಮ್ ಕಡ್ಡಿ ಇದ್ದರೆ ಅಂಥದೇ ಇನ್ನೊಂದನ್ನು ಸೇರಿಸಿ. ಜೋಡಿಯಾದಾಗ ಮಾಹಿತಿ ಹರಿಯುವ ದಾರಿ ಇಮ್ಮಡಿಯಾಗುತ್ತದೆ. 3200ರ ರ್ಯಾಮ್ ಕೊಂಡವರಲ್ಲೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡದೆ 2133ರಲ್ಲೇ ವರ್ಷಗಟ್ಟಲೆ ಆಡಿದವರಿದ್ದಾರೆ. ಫ್ಯಾನಿನ ದೂಳು, ಒಣಗಿದ ಥರ್ಮಲ್ ಪೇಸ್ಟನ್ನೂ ನೋಡಿ. ಬಿಸಿ ಮಿತಿಮೀರಿದರೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ.

ಇಷ್ಟಾದ ಮೇಲೂ ಬದಲಿಸಲೇಬೇಕಾದರೆ ತೀರ್ಪು ಮದರ್‌ಬೋರ್ಡಿನ ಕೈಯಲ್ಲಿ. 2017ರ ಜನವರಿಯಲ್ಲಿ ಬಂದ ಇಂಟೆಲ್ ಐ7-7700ಕೆ ತನ್ನ ಬೋರ್ಡಿನ ಕೊನೆಯ ಮೆಟ್ಟಿಲು. ಅದೇ ವರ್ಷದ ಅಕ್ಟೋಬರಿನಲ್ಲಿ ಎಂಟನೆಯ ತಲೆಮಾರು ಬಂತು, ಸಾಕೆಟ್ಟಿನ ಹೆಸರೂ 1151 ಎಂದೇ ಉಳಿಯಿತು, ಆದರೆ ಹಳೆಯ ಬೋರ್ಡಿಗೆ ಪ್ರವೇಶವಿಲ್ಲ! ಗ್ರಾಹಕನ ಜೇಬಿಗೆ ಇದು ಒಳ್ಳೆಯ ನಡತೆಯಲ್ಲ.

ಅದೇ ವರ್ಷ ಎಎಂಡಿಯ ರೈಜನ್ 5 1600 ಕೊಂಡವರು ಅದೃಷ್ಟವಂತರು. ಅವರ ಎಎಂ4 ಬೋರ್ಡುಗಳಲ್ಲಿ ಅನೇಕಕ್ಕೆ ಬಯಾಸ್ ಅಪ್‌ಡೇಟ್ ಮಾಡಿದರೆ 2022ರ ರೈಜನ್ 5 5600 ಕೂರುತ್ತದೆ. 5800ಎಕ್ಸ್3ಡಿ ಕೂಡ ಅದೇ ಸಾಕೆಟ್ಟಿನದು; ಅದರ 96 ಎಂಬಿ ಎಲ್3 ಕ್ಯಾಷ್‌ನಿಂದಾಗಿ ಪ್ರೊಸೆಸರ್ ಪದೇಪದೇ ರ್ಯಾಮ್ ಕಡೆಗೆ ಹೋಗುವುದು ತಪ್ಪುತ್ತದೆ, ಗೇಮ್‌ಗಳಿಗೆ ಇದೇ ದೊಡ್ಡ ಲಾಭ. ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಬಯಾಸ್ ಅಪ್‌ಡೇಟ್ ಮುಗಿಸಿರಿ. ಕೂಲರ್ ಬಿಚ್ಚುವ ಮುನ್ನ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ, ಆರಿಸಿ, ಪ್ಲಗ್ ಕಿತ್ತು, ಬಿಸಿ ಆರುವ ಮೊದಲೇ ಮೆಲ್ಲಗೆ ತಿರುವುತ್ತಾ ತೆಗೆಯಿರಿ. ನೇರ ಎಳೆದರೆ ಪೇಸ್ಟಿಗೆ ಅಂಟಿದ ಪ್ರೊಸೆಸರೂ ಕಿತ್ತುಬಂದು ಪಿನ್ನುಗಳು ಬಾಗಬಹುದು.

4ಕೆ ಪರದೆಯಲ್ಲಿ ಆಡುವವರಿಗೆ ಸಾಮಾನ್ಯವಾಗಿ ಇದ್ಯಾವುದೂ ಬೇಡ, ಅಲ್ಲಿ ಭಾರವೆಲ್ಲ ಕಾರ್ಡಿನದು. ನನ್ನ ಮಾತು ಇಷ್ಟು: 1600 ಇದ್ದವರು 5600 ಹಾಕಿಕೊಳ್ಳಿ, 7700ಕೆ ಇದ್ದವರು ಹೊಸ ಬೋರ್ಡು ಕೊಳ್ಳುವಷ್ಟು ಹಣ ಕೂಡುವವರೆಗೆ ತಡೆಯಿರಿ. ದುಡ್ಡು ಕೊಡುವ ಮೊದಲು ನಿಮ್ಮ ಬೋರ್ಡಿನ ತಯಾರಕರು ಪ್ರಕಟಿಸಿರುವ ಪ್ರೊಸೆಸರ್ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ.