ಸ್ಮೃತಿಯ ಕಾವಲು

ತಾನು ಬರೆದುದರಲ್ಲಿರುವ ತಪ್ಪು ತನ್ನ ಕಣ್ಣಿಗೆ ಬೀಳುವುದು ಕಷ್ಟ. ಬರೆದವನ ಮನಸ್ಸು ತಾನು ಏನನ್ನು ಬರೆಯಬೇಕೆಂದಿತ್ತೋ ಅದನ್ನೇ ಓದಿಕೊಳ್ಳುತ್ತದೆ. ಕಾಗದದ ಮೇಲೆ ಇರುವುದನ್ನು ಕಾಣುವುದಿಲ್ಲ. ಆದುದರಿಂದಲೇ ಅಚ್ಚುಕೂಟದಲ್ಲಿ ಕರಡಚ್ಚನ್ನು ತಿದ್ದುವ ಕೆಲಸವನ್ನು ಲೇಖಕನೊಬ್ಬನಿಗೇ ಬಿಡದೆ ಮತ್ತೊಬ್ಬರಿಗೂ ಒಪ್ಪಿಸುತ್ತಾರೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ತಟ್ಟೆಯ ನೊಣವನ್ನು ಎತ್ತಿ ತೋರಿಸುವವನನ್ನು ನಮ್ಮ ಗಾದೆ ಪರಿಹಾಸ್ಯ ಮಾಡುತ್ತದೆ. ಆದರೆ ಪರರ ತಟ್ಟೆಯ ನೊಣ ಬೇಗನೆ ಕಣ್ಣಿಗೆ ಬೀಳುವ ಈ ಸ್ವಭಾವವನ್ನೇ ಒಂದು ಶಿಸ್ತಾಗಿ ಮಾರ್ಪಡಿಸಿಕೊಂಡರೆ ಅದರಿಂದ ಲೋಕಕ್ಕೆ ಉಪಕಾರವಾಗುತ್ತದೆ. ಗಣಕಯಂತ್ರದ ಸ್ಮೃತಿಯನ್ನು ಹಂಚಿಕೊಡುವ ಬರಹದ ವಿಷಯದಲ್ಲಿ ಈ ಶಿಸ್ತು ಎಷ್ಟು ಅಗತ್ಯವೆಂಬುದನ್ನು ತಿಳಿಯುವುದು ಉಪಯುಕ್ತ.

ಗಣಕಯಂತ್ರದಲ್ಲಿ ಏಕಕಾಲಕ್ಕೆ ಅನೇಕ ಪ್ರೋಗ್ರಾಂಗಳು ನಡೆಯುತ್ತಿರುತ್ತವೆ. ಒಂದು ಪತ್ರವನ್ನು ತೋರಿಸುತ್ತಿದ್ದರೆ, ಇನ್ನೊಂದು ಹಾಡನ್ನು ನುಡಿಸುತ್ತಿರುತ್ತದೆ. ಮತ್ತೊಂದು ಲೆಕ್ಕ ಮಾಡುತ್ತಿರುತ್ತದೆ. ಇವೆಲ್ಲಕ್ಕೂ ಕೆಲಸ ಮಾಡಲು ಸ್ಮೃತಿಯಲ್ಲಿ ಸ್ಥಳ ಬೇಕು. ಯಾರಿಗೆ ಎಷ್ಟು ಸ್ಥಳ, ಯಾವಾಗ ಕೊಡಬೇಕು, ಯಾವಾಗ ಹಿಂದಕ್ಕೆ ಪಡೆಯಬೇಕು ಎಂಬುದನ್ನು ನಿರ್ಧರಿಸುವ ಯಜಮಾನನೇ ಆಪರೇಟಿಂಗ್ ಸಿಸ್ಟಂ. ಅದರ ಒಳತಿರುಳಿಗೆ ಕರ್ನೆಲ್ ಎಂದು ಹೆಸರು. ಕರ್ನೆಲ್ ಸ್ಮೃತಿಯನ್ನು ಸಮನಾದ ಚಿಕ್ಕ ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗವನ್ನೂ ಪುಟವೆಂದು ಎಣಿಸುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ಅವರ ನೇತೃತ್ವದಲ್ಲಿ ರೂಪುಗೊಂಡು 1962ರಲ್ಲಿ ಕಾರ್ಯಾರಂಭ ಮಾಡಿದ ಅಟ್ಲಾಸ್ ಗಣಕವು ಈ ಪುಟಪದ್ಧತಿಗೆ ದಾರಿ ತೋರಿತು. ಇಂದಿನ ಬಹುಪಾಲು ಗಣಕಗಳಲ್ಲಿ ಒಂದು ಪುಟದ ಅಳತೆ 4096 ಬೈಟು. ನಾಲ್ಕು ಗಿಗಾಬೈಟು ಸ್ಮೃತಿಯುಳ್ಳ ಮೊಬೈಲ್ ಫೋನಿನಲ್ಲಿ ಇಂತಹ ಪುಟಗಳು 10,48,576 ಇರುತ್ತವೆ. ಇಷ್ಟು ಪುಟಗಳ ಲೆಕ್ಕವನ್ನು ಒಂದು ಕ್ಷಣವೂ ತಪ್ಪದಂತೆ ಇಡುವುದು ಕರ್ನೆಲ್ಲಿನ ಹೊಣೆ.

ಈ ಲೆಕ್ಕ ತಪ್ಪಿದರೆ ಆಗುವ ಹಾನಿ ಒಂದೆರಡು ಬಗೆಯದಲ್ಲ. ಕೊಟ್ಟ ಪುಟವನ್ನು ಹಿಂದಕ್ಕೆ ಪಡೆಯಲು ಮರೆತರೆ, ಸೋರುವ ಮಡಕೆಯ ನೀರಿನಂತೆ ಸ್ಮೃತಿ ಕರಗುತ್ತ ಬಂದು ಕಡೆಗೆ ಗಣಕವೇ ನಿಂತುಹೋಗುತ್ತದೆ. ಒಬ್ಬರಿಂದ ಹಿಂದಕ್ಕೆ ಪಡೆದ ಪುಟವನ್ನು ಇನ್ನೊಬ್ಬರಿಗೆ ಕೊಟ್ಟ ಮೇಲೂ ಮೊದಲಿನವರು ಅದರಲ್ಲಿ ಬರೆಯುತ್ತಿದ್ದರೆ, ಎರಡನೆಯವರ ಮಾಹಿತಿ ಕೆಡುತ್ತದೆ. ಒಬ್ಬರ ಗುಟ್ಟಿನ ಪುಟ ಪರರ ಕಣ್ಣಿಗೆ ಬಿದ್ದರೆ ಕಳ್ಳನಿಗೆ ಬೀಗದ ಕೈಯನ್ನೇ ಕೊಟ್ಟಂತಾಗುತ್ತದೆ. ಬೇರೆ ಪ್ರೋಗ್ರಾಮಿನಲ್ಲಿ ದೋಷವಿದ್ದರೆ ಆ ಪ್ರೋಗ್ರಾಂ ಮಾತ್ರ ಕೆಡಬಹುದು. ಕರ್ನೆಲ್ಲಿನಲ್ಲಿ ದೋಷವಿದ್ದರೆ ಅದನ್ನು ಆಶ್ರಯಿಸಿದ ಎಲ್ಲವೂ ಅಪಾಯಕ್ಕೆ ಸಿಲುಕುತ್ತದೆ.

ಲಿನಕ್ಸ್ ಎಂಬ ಕರ್ನೆಲ್ ಇದಕ್ಕೆ ಒಳ್ಳೆಯ ನಿದರ್ಶನ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಇದನ್ನು ಬರೆಯತೊಡಗಿದರು. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿಯನ್ನು ಸೂಚಿಸಬಹುದು. ಜಗತ್ತಿನ ನಾನಾ ಭಾಗಗಳ ಸಹಸ್ರಾರು ಮಂದಿಯ ದುಡಿಮೆಯಿಂದ ಅದು ಬೆಳೆದಿದೆ. ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಇದೇ ಕರ್ನೆಲ್. ಆದುದರಿಂದ ಕರ್ನಾಟಕದ ಹಳ್ಳಿಯೊಂದರಲ್ಲಿ ಅಂತಹ ಫೋನನ್ನು ಹಿಡಿದ ರೈತನೂ ಈ ಬರಹದ ಯೋಗಕ್ಷೇಮವನ್ನು ನೆಚ್ಚಿಕೊಂಡಿರುತ್ತಾನೆ.

ಯಾರು ಬೇಕಾದರೂ ತಿದ್ದುಪಡಿಯನ್ನು ಸೂಚಿಸಬಹುದೆಂದ ಮಾತ್ರಕ್ಕೆ, ಸೂಚಿಸಿದುದೆಲ್ಲವೂ ಕರ್ನೆಲ್ಲಿಗೆ ಸೇರುತ್ತದೆಂದು ಭಾವಿಸಬಾರದು. ತಿದ್ದುಪಡಿಗೆ ಇಂಗ್ಲಿಷಿನಲ್ಲಿ ಪ್ಯಾಚ್, ಅಂದರೆ ತೇಪೆ ಎಂದು ಹೆಸರು. ತೇಪೆಯಲ್ಲಿ ತೆಗೆದುಹಾಕುವ ಸಾಲುಗಳ ಮುಂದೆ ಕಳೆಯುವ ಚಿಹ್ನೆಯೂ, ಹೊಸದಾಗಿ ಸೇರಿಸುವ ಸಾಲುಗಳ ಮುಂದೆ ಕೂಡುವ ಚಿಹ್ನೆಯೂ ಇರುತ್ತವೆ. ಈ ಬದಲಾವಣೆ ಏಕೆ ಬೇಕು ಎಂಬುದನ್ನು ಅದರ ತಲೆಭಾಗದಲ್ಲಿ ಸರಳವಾದ ಮಾತುಗಳಲ್ಲಿ ವಿವರಿಸಬೇಕು. ಕೊನೆಗೆ ಬರೆದವರ ಹೆಸರಿನ ಅಂಕಿತವಿರಬೇಕು. 2004ರಿಂದ ಈ ಅಂಕಿತದ ಪದ್ಧತಿ ನಡೆದುಬಂದಿದೆ. ಹೀಗೆ ಸಿದ್ಧವಾದ ತೇಪೆಯನ್ನು ಬಲ್ಲವರೆಲ್ಲರಿಗೂ ಕಾಣುವಂತೆ ಮುಂದಿಡಬೇಕು. ಅವರು ಅದನ್ನು ಸಾಲುಸಾಲಾಗಿ ಪರಿಶೀಲಿಸುತ್ತಾರೆ. ಕರ್ನೆಲ್ಲಿನ ಒಂದೊಂದು ವಿಭಾಗಕ್ಕೂ ಹೊಣೆಗಾರರಿರುತ್ತಾರೆ. ಸ್ಮೃತಿಯ ವಿಭಾಗವನ್ನು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನಿರ್ವಹಿಸಿದವರು ಆಂಡ್ರ್ಯೂ ಮಾರ್ಟನ್ ಅವರು.

ಪರಿಶೀಲಕನು ಕೇಳುವ ಪ್ರಶ್ನೆಗಳು ನೋಡುವುದಕ್ಕೆ ಸರಳವಾಗಿರುತ್ತವೆ. ಪಡೆದ ಪುಟವನ್ನು ಹಿಂದಿರುಗಿಸಲಾಗಿದೆಯೇ? ಕೆಲಸವು ನಡುವೆಯೇ ವಿಫಲವಾದರೆ, ಆ ದಾರಿಯಲ್ಲಿಯೂ ಹಿಂದಿರುಗಿಸಲಾಗುತ್ತದೆಯೇ? ಎರಡು ಸಂಸ್ಕಾರಕಗಳು ಒಂದೇ ಕ್ಷಣದಲ್ಲಿ ಒಂದೇ ಪುಟಕ್ಕೆ ಕೈಹಾಕಿದರೆ ಏನಾಗುತ್ತದೆ? ಒಂದು ಬಗೆಯ ಗಣಕದಲ್ಲಿ ಸರಿಯಾದುದು ಉಳಿದ ಬಗೆಯ ಗಣಕಗಳಲ್ಲಿಯೂ ಸರಿಯೇ? ಈ ಸಾಲುಗಳು ಕ್ಷಣಕ್ಷಣಕ್ಕೂ ನಡೆಯುವಂಥವಾದುದರಿಂದ ಗಣಕದ ವೇಗ ಕುಗ್ಗುವುದಿಲ್ಲವಷ್ಟೆ? ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಬರೆದವನು ಬಾಯಿಬಿಟ್ಟು ಹೇಳದೆ, ಇದು ಹೀಗೆಯೇ ಇರುತ್ತದೆಂದು ಮನಸ್ಸಿನಲ್ಲಿಯೇ ನಂಬಿಕೊಂಡಿರುವುದೇನು? ಹಲವು ದೋಷಗಳು ಬರೆದ ಸಾಲುಗಳಲ್ಲಿ ಅಡಗಿರುವುದಿಲ್ಲ. ಬರೆಯದೆ ಬಿಟ್ಟ ಆ ನಂಬಿಕೆಯಲ್ಲಿ ಅಡಗಿರುತ್ತವೆ.

ಈ ಮಾತಿಗೆ 2016ರಲ್ಲಿ ಬೆಳಕಿಗೆ ಬಂದ ಒಂದು ದೋಷವು ಸಾಕ್ಷಿಯಾಗಿದೆ. ಅದನ್ನು ಅರಿಯಲು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯನ್ನು ಕಲ್ಪಿಸಿಕೊಳ್ಳಬಹುದು. ಮೂಲ ದಾಖಲೆಯನ್ನು ಓದಲು ಬಂದವರೆಲ್ಲರಿಗೂ ಗುಮಾಸ್ತನು ಅದೊಂದನ್ನೇ ತೋರಿಸುತ್ತಾನೆ. ಒಬ್ಬೊಬ್ಬರಿಗೂ ಒಂದೊಂದು ನಕಲು ಮಾಡಿಸುವುದು ವ್ಯರ್ಥ. ಯಾರಾದರೂ ಅದರ ಮೇಲೆ ಬರೆಯಬೇಕೆಂದರೆ ಮಾತ್ರ, ಅವರಿಗೆ ನಕಲನ್ನು ಮಾಡಿಸಿ ಕೊಡುತ್ತಾನೆ. ಅವರು ನಕಲಿನ ಮೇಲೆ ಏನನ್ನು ಗೀಚಿದರೂ ಮೂಲಕ್ಕೆ ಧಕ್ಕೆಯಿಲ್ಲ. ಕರ್ನೆಲ್ ಸಹ ಸ್ಮೃತಿಯ ಪುಟಗಳಿಗೆ ಇದೇ ಉಪಾಯವನ್ನು ಅನುಸರಿಸುತ್ತದೆ. ಇದರಿಂದ ಸ್ಥಳವೂ ಕಾಲವೂ ಉಳಿಯುತ್ತವೆ.

ಒಬ್ಬನು ಬರೆಯಬೇಕೆಂದು ಚೀಟಿ ಕೊಡುತ್ತಾನೆ. ಗುಮಾಸ್ತನು ನಕಲನ್ನು ಮಾಡಿಸಿಡುತ್ತಾನೆ. ನಕಲು ಸಿದ್ಧವಾಯಿತಲ್ಲ, ಇನ್ನು ಮತ್ತೆ ಮತ್ತೆ ನಕಲು ಮಾಡುವಂತಾಗಬಾರದೆಂದು, ಚೀಟಿಯಲ್ಲಿದ್ದ ಬರೆಯುವುದಕ್ಕೆ ಎಂಬ ಮಾತನ್ನು ಹೊಡೆದುಹಾಕುತ್ತಾನೆ. ಆತನು ಮರಳಿ ಬಂದು ಪ್ರತಿಯನ್ನು ಎತ್ತಿಕೊಡುವ ಮೊದಲೇ, ಕೇಳಿದವನ ಜೊತೆಗಾರನು ನಕಲನ್ನು ಹರಿದು ಬುಟ್ಟಿಗೆ ಎಸೆಯುತ್ತಾನೆ. ಗುಮಾಸ್ತನು ಚೀಟಿಯನ್ನು ನೋಡುತ್ತಾನೆ. ಅದರಲ್ಲಿ ಬರೆಯುವ ಮಾತಿಲ್ಲ. ಓದುವುದಕ್ಕೆ ತಾನೇ ಎಂದು ಮೂಲ ದಾಖಲೆಯನ್ನೇ ಕೊಟ್ಟುಬಿಡುತ್ತಾನೆ. ಲೇಖನಿ ಹಿಡಿದು ಕಾದಿದ್ದವನು ಮೂಲದ ಮೇಲೆಯೇ ಬರೆಯುತ್ತಾನೆ! ಒಮ್ಮೆ ಮಾಡಿಟ್ಟ ನಕಲು ಅಲ್ಲಿಯೇ ಇರುತ್ತದೆಂಬ ನಂಬಿಕೆಯೇ ಇಲ್ಲಿಯ ದೋಷ.

ಲಿನಕ್ಸ್ ಕರ್ನೆಲ್ಲಿನಲ್ಲಿ ಇಂತಹುದೇ ದೋಷವಿತ್ತು. ಅದರ ಬಲದಿಂದ ಗಣಕದ ಸಾಮಾನ್ಯ ಬಳಕೆದಾರನೊಬ್ಬನು, ತಾನು ಓದಬಹುದಾದ ಆದರೆ ತಿದ್ದಬಾರದ ಕಡತಗಳನ್ನು ತಿದ್ದಿ, ಇಡೀ ಗಣಕದ ಒಡೆತನವನ್ನೇ ಕಸಿದುಕೊಳ್ಳಬಹುದಾಗಿತ್ತು. 2007ರಲ್ಲಿ ಹೊರಬಂದ ಆವೃತ್ತಿಯಿಂದ ಮೊದಲಾಗಿ ಆಂಡ್ರಾಯ್ಡ್ ಫೋನುಗಳವರೆಗೆ ಅಸಂಖ್ಯ ಯಂತ್ರಗಳು ಈ ಅಪಾಯದಲ್ಲಿದ್ದವು. ಫಿಲ್ ಓಸ್ಟರ್ ಎಂಬವರು, ದಾಳಿಗೆ ಒಳಗಾದ ಒಂದು ಗಣಕಕ್ಕೆ ಬಂದುಹೋದ ಮಾಹಿತಿಯ ದಾಖಲೆಯನ್ನು ಜೋಪಾನವಾಗಿಟ್ಟಿದ್ದರು. ಅದನ್ನು ಶೋಧಿಸಿದಾಗ ಈ ದೋಷವನ್ನು ಬಳಸಿಕೊಳ್ಳುವ ಪ್ರೋಗ್ರಾಂ ಅವರ ಕೈಗೆ ಸಿಕ್ಕಿತು. ದುರ್ಜನರು ಅದನ್ನು ಆಗಲೇ ಕಂಡುಕೊಂಡಿದ್ದರೆಂಬುದು ಇದರಿಂದ ಸ್ಪಷ್ಟವಾಯಿತು. 2016ರ ಅಕ್ಟೋಬರಿನಲ್ಲಿ ಟೋರ್ವಾಲ್ಡ್ಸ್ ಅವರೇ ತೇಪೆಯನ್ನು ಬರೆದರು. ಬದಲಾದ ಸಾಲುಗಳು ಇಪ್ಪತ್ತಕ್ಕೂ ಕಡಿಮೆ.

ಆ ತೇಪೆಯ ತಲೆಭಾಗದಲ್ಲಿ ಅವರು ಬರೆದ ವಿವರಣೆ ಗಮನಾರ್ಹವಾದುದು. ಇದು ಹಳೆಯ ದೋಷವೆಂದೂ, ಹನ್ನೊಂದು ವರ್ಷಗಳ ಹಿಂದೆ ತಾವೇ ಇದನ್ನು ಸರಿಪಡಿಸಲು ಯತ್ನಿಸಿದ್ದರೆಂದೂ, ಆದರೆ ಆ ಕೆಲಸವನ್ನು ಚೆನ್ನಾಗಿ ಮಾಡಿರಲಿಲ್ಲವೆಂದೂ ಅವರು ಒಪ್ಪಿಕೊಂಡರು. 2005ರ ಆ ತಿದ್ದುಪಡಿಯು ಐಬಿಎಂ ಸಂಸ್ಥೆಯ ಒಂದು ಬಗೆಯ ದೊಡ್ಡ ಗಣಕಗಳಲ್ಲಿ ತೊಂದರೆ ಕೊಟ್ಟುದರಿಂದ ಅದನ್ನು ಹಿಂದೆಗೆದುಕೊಳ್ಳಲಾಗಿತ್ತು. ಆಗಿನ ಕಾಲಕ್ಕೆ ಈ ದೋಷವು ಕೇವಲ ತರ್ಕದಲ್ಲಿ ಸಾಧ್ಯವಾದುದು, ವಾಸ್ತವದಲ್ಲಿ ಸಂಭವಿಸಲಾರದು ಎಂಬಂತೆ ತೋರಿತ್ತು. ವರ್ಷಗಳು ಕಳೆದವು. ಏಕಕಾಲಕ್ಕೆ ಹಲವು ಕೆಲಸಗಳನ್ನು ನಡೆಸುವ ಶಕ್ತಿ ಕರ್ನೆಲ್ಲಿಗೆ ಹೆಚ್ಚಿತು. ನಕಲನ್ನು ಮಾಡುವುದಕ್ಕೂ ಎತ್ತಿಕೊಡುವುದಕ್ಕೂ ನಡುವಿನ ಕಿರಿದಾದ ಬಿರುಕಿನಲ್ಲಿ ನುಸುಳುವುದು ಸುಲಭವಾಯಿತು. ಬರಹವು ಬದಲಾಗದಿದ್ದರೂ ಅದರ ಸುತ್ತಲಿನ ಲೋಕ ಬದಲಾಗಿತ್ತು.

ಹೊಸ ತೇಪೆಯ ಉಪಾಯ ಹೀಗಿತ್ತು: ಚೀಟಿಯಲ್ಲಿರುವ ಬರೆಯುವ ಮಾತನ್ನು ಇನ್ನು ಹೊಡೆದುಹಾಕಬಾರದು. ಅದರ ಜೊತೆಗೆ ನಕಲಾಗಿದೆ ಎಂಬ ಬೇರೊಂದು ಗುರುತನ್ನು ಹಾಕಬೇಕು. ಕೈಯಲ್ಲಿರುವ ಪುಟದ ಮೇಲೆ ಬದಲಾವಣೆಯ ಮುದ್ರೆಯಿದೆಯೇ ಎಂದು ನೋಡಿ, ಅದು ನಿಜವಾಗಿಯೂ ನಕಲೆಂದು ಖಚಿತಪಡಿಸಿಕೊಂಡ ಬಳಿಕವೇ ಕೊಡಬೇಕು. ಈ ತೇಪೆಯನ್ನು ಬಹು ಮಂದಿ ಓದಿದರು. ಲೋಕವೆಲ್ಲ ಅದನ್ನು ಅಳವಡಿಸಿಕೊಂಡಿತು.

ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. 4096 ಬೈಟುಗಳ ಪುಟಗಳಲ್ಲದೆ, ಅಂತಹ 512 ಪುಟಗಳನ್ನು ಒಟ್ಟುಗೂಡಿಸಿದ ಹಿರಿಯ ಪುಟಗಳೂ ಕರ್ನೆಲ್ಲಿನಲ್ಲಿ ಬಳಕೆಯಲ್ಲಿವೆ. ಬದಲಾವಣೆಯ ಮುದ್ರೆಯಿದ್ದರೆ ಅದು ನಕಲೇ ಸರಿ ಎಂಬ ನಿಯಮವನ್ನು ಈ ಹಿರಿಯ ಪುಟಗಳಿಗೂ ಅನ್ವಯಿಸಲಾಯಿತು. ಆದರೆ ಅಲ್ಲಿ ಒಂದು ಕಡೆ, ಪುಟವನ್ನು ಸುಮ್ಮನೆ ಓದಿದರೂ ಆ ಮುದ್ರೆ ಬೀಳುವಂತೆ ಬರೆಯಲಾಗಿತ್ತು. ಮುದ್ರೆಯು ತಾನೇ ಸುಳ್ಳು ಹೇಳಿದರೆ ಗುಮಾಸ್ತನು ಮಾಡುವುದೇನು? 2017ರಲ್ಲಿ ಭದ್ರತಾ ತಜ್ಞರು ಈ ನ್ಯೂನತೆಯನ್ನು ಕಂಡುಹಿಡಿದರು, ಅದನ್ನೂ ಸರಿಪಡಿಸಲಾಯಿತು. ಒಂದು ತಪ್ಪು ನಂಬಿಕೆಯನ್ನು ತೊಡೆಯಲು ಬರೆದ ತೇಪೆಯಲ್ಲಿಯೇ ಮತ್ತೊಂದು ನಂಬಿಕೆ ಉಳಿದುಕೊಂಡಿತ್ತು.

ಇದನ್ನು ಕೇಳಿದವರು, ಅಷ್ಟು ಮಂದಿ ನೋಡಿದರೂ ತಪ್ಪು ಉಳಿಯಿತಲ್ಲ, ಹಾಗಾದರೆ ಪರಿಶೀಲನೆಯಿಂದ ಏನು ಪ್ರಯೋಜನ ಎಂದು ಕೇಳಬಹುದು. ಕಣ್ಣುಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ತಪ್ಪು ತಾನಾಗಿ ಹೊರಬೀಳುವುದಿಲ್ಲವೆಂಬುದು ನಿಜ. ಒಬ್ಬರು ನೋಡಿರಬಹುದೆಂದು ಇನ್ನೊಬ್ಬರು ಬಿಟ್ಟರೆ ನೂರು ಕಣ್ಣುಗಳೂ ಕುರುಡೇ. ಬರೆದವನು ನಂಬಿದುದನ್ನೇ ಪರಿಶೀಲಕನೂ ನಂಬಿದರೆ ಇಬ್ಬರಿಗೂ ದೋಷ ಕಾಣುವುದಿಲ್ಲ. ಆದರೆ ಪರಿಶೀಲನೆಯಿಂದ ದೊರೆಯುವ ಇನ್ನೊಂದು ಫಲವಿದೆ. ಪ್ರತಿಯೊಂದು ಬದಲಾವಣೆಗೂ ಕಾರಣವನ್ನು ಬರೆದಿಡಬೇಕೆಂಬ ನಿಯಮವಿದ್ದುದರಿಂದಲೇ, ಹನ್ನೊಂದು ವರ್ಷಗಳ ಹಿಂದೆ ಯಾರು ಏನನ್ನು ಮಾಡಿದರು, ಏಕೆ ಅದನ್ನು ಹಿಂದೆಗೆದುಕೊಂಡರು ಎಂಬುದು 2016ರಲ್ಲಿ ತಿಳಿಯಿತು. ಹಳೆಯ ತಪ್ಪಿನ ದಾಖಲೆ ಇದ್ದುದರಿಂದ ಹೊಸ ತಿದ್ದುಪಡಿ ಸರಿಯಾದ ನೆಲದ ಮೇಲೆ ನಿಂತಿತು.

ತನ್ನ ಬರಹವನ್ನು ಇನ್ನೊಬ್ಬರು ಪ್ರಶ್ನಿಸಿದಾಗ ಮನಸ್ಸಿಗೆ ಸ್ವಲ್ಪ ನೋವಾಗುವುದು ಸಹಜ. ಆದರೆ ಕರ್ನೆಲ್ಲನ್ನು ಕಟ್ಟಿದವರೇ ತಮ್ಮ ಹಿಂದಿನ ಕೆಲಸ ಚೆನ್ನಾಗಿರಲಿಲ್ಲವೆಂದು ಎಲ್ಲರೂ ಓದುವಂತೆ ಬರೆದಿಟ್ಟರು. ಅದರಿಂದ ಅವರ ಗೌರವ ಕುಂದಲಿಲ್ಲ. ಪ್ರಶ್ನಿಸುವವನು ಬರೆದವನ ವೈರಿಯಲ್ಲ. ಆ ಬರಹವನ್ನು ನಂಬಿಕೊಂಡಿದ್ದರೂ ಅದನ್ನು ಓದಲಾರದ ಕೋಟ್ಯಂತರ ಜನರ ಪರವಾಗಿ ಆತನು ಓದುತ್ತಿರುತ್ತಾನೆ.